ಸೂರ್ಯನಿಲ್ಲದ ಮೂರು ದಿನ

ಗಡಹಿಂಗ್ಲಜ,
ತಾ. ೨೨-೧-೧೯೬೨, ಸೋಮವಾರ ಮುಂಜಾನೆ

ನನ್ನ ವಾದಗಾತಿ ಮೊಮ್ಮಗಳು ಶಾಲನಾ,

ನಿನ್ನ ಅಜ್ಜ ಬಾಳಗೊಂಡ ಮಾಸ್ತರನ ಜಯ ಜಿನೇಂದ್ರ. ಸಂಜೆಯ ಜ್ವರ ಹೇಗಿದೆ? ಕೆಮ್ಮಿದಾಗ ಎದೆಯ ಬಲಮಗ್ಗಲು ಇನ್ನೂ ನೋಯುತ್ತದೆಯೇ? ಅಜ್ಜಿ ಹೊಲಿದು ಕಳಿಸಿದ ಕೌದಿ ಹೊದ್ದುಕೊಳ್ಳುತ್ತೀಯೋ, ಇಲ್ಲ ದವಾಖಾನೆಯ ಕೆಂಪು ಕಂಬಳಿಯೇ ಚೆಂದವೆಂದು ಕೌದಿಯನ್ನು ಕಾಲಡಿಗೆ ಒತ್ತಿದ್ದೀಯೋ? ನಿಮ್ಮಪ್ಪ ಜಿನಗೊಂಡ ಎಂಟು ದಿನದ ಹಿಂದೆ ನಿನ್ನನ್ನು ನೋಡಿ ಕೊಲ್ಲಾಪುರದ ಬಸ್ಸಿಗೆ ಬಂದಿಳಿದವನು, ಚಪ್ಪಲಿ ಸಹ ಕಳಚದೆ ಕಟ್ಟೆಯ ಮೇಲೆ ಕೂತು, "ಮತ್ತ ನಾಲ್ಕು ಪೌಂಡ ಇಳದಾಳ್ರಿ ಅಪ್ಪಾ" ಅಂದ. ಅವನಿಂದ ಸಂಗತಿಯೆಲ್ಲ ನನಗೆ ಗೊತ್ತಾಗಿದೆ. ನಾಲ್ಕಕ್ಕೆ ಜ್ವರ ಏರುತ್ತದೆ, ಆಗ ನಿನಗೆ ತುತ್ತು ಇಳಿಯುವುದಿಲ್ಲ. ಏಳಕ್ಕೆ ಜ್ವರ ಇಳಿದು ಹಸಿವಾಗುತ್ತದೆ, ಏಳೂವರೆಗೆ ತಾಟು ಬರುತ್ತದೆ. ಆದರೆ ಹೊತ್ತು ಮುಳುಗಿದ ಮೇಲೆ ಉಣ್ಣದ ವ್ರತ ನಿನ್ನದೆಂದು ತಾಟು ತಿರುಗಿಸಿ ಕಳಿಸುತ್ತೀ. ಎಂಟಕ್ಕೆ ಬರಿ ಹೊಟ್ಟೆಗೆ ಕ್ಷಯದ ಆ ಕಹಿ ಪುಡಿ ಕುಡಿದು ಪೂರಾ ಕಾರಿಕೊಳ್ಳುತ್ತೀ. ಡಾಕ್ಟರರು ನಿಮ್ಮಪ್ಪನನ್ನು ಬದಿಗೆ ಕರೆದು, "ಔಷಧ ಹೊಟ್ಟ್ಯಾಗ ನಿಲ್ಲಲಿಲ್ಲಂದ್ರ ನಾವರೆ ಏನ ಮಾಡೂಣ್ರಿ? ಇನ್ನೊಂದು ತಿಂಗಳ ಹಿಂಗ ಆದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ" ಎಂದರಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆತನದಲ್ಲಿ ಎರಡನ್ನೂ ಬಲ್ಲವರು ಇನ್ನೂ ಹುಟ್ಟಬೇಕು. ಈ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ನೀನು ನನ್ನನ್ನು ಮಾಸ್ತರ ಎಂದು ಕರೆಯುವುದನ್ನೇ ಬಿಡುತ್ತೀ.

ವಾರ್ಡಿಗೆ ಬರುವ ಮುದುಕ ಪಾದ್ರಿ ನಿಮಗೆ ಬೈಬಲಿನ ಮೊದಲ ಅಧ್ಯಾಯ ಓದಿ, ಅದರ ಆರು ದಿನಗಳೆಂದರೆ ನಮ್ಮ ಗಡಿಯಾರದ ದಿನಗಳಲ್ಲ, ವಿಜ್ಞಾನ ಹೇಳುವ ಆರು ದೀರ್ಘ ಕಾಲಗಳ ಸಂಕೇತ ಎಂದರಲ್ಲ, ಅದನ್ನು ನೀನು ಬರೆದಾಗ ನನಗೆ ಮೊದಲು ಸಿಟ್ಟೇ ಬಂತು. ಸುಳ್ಳೇಕೆ ಹೇಳಲಿ. ಹುಡುಗಿ ಹಾಸಿಗೆ ಹಿಡಿದಿರುವಾಗ ಮತ ಮಾರಲು ಬಂದಿದ್ದಾನೆ ಎನಿಸಿತು. ಕಾಗದವನ್ನು ಎರಡು ದಿನ ಪಂಚಾಂಗದ ಕೆಳಗೆ ಇಟ್ಟೆ. ಮೂರನೆಯ ದಿನ ನೀನು ಕೊನೆಗೆ ಬರೆದ ಸಾಲೇ ತಲೆ ಕೊರೆಯತೊಡಗಿತು: ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನವಾದರೆ ಅದಕ್ಕೆ ಮೊದಲಿನ ಮೂರು ದಿನಗಳನ್ನು ಎಣಿಸಿದ್ದು ಹೇಗೆ ಅಜ್ಜಾ? ಅದನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ನಿಲ್ಲಿಸಿ, "ಹಂಗಾರ ಆ ಮೂರು ದಿನ ಅವರು ಊಟ ಮುಗಿಸೂದು ಯಾವಾಗ?" ಎಂದು ಕೇಳಿದಳು. ನಮ್ಮವರು ಸೃಷ್ಟಿಯ ಬಗ್ಗೆ ಕೇಳುವ ಮೊದಲ ಪ್ರಶ್ನೆ ಇದೇ, ನೋಡು. ಆಗಿನ್ನೂ ಮನುಷ್ಯನೇ ಹುಟ್ಟಿರಲಿಲ್ಲ ಎಂದು ನಾನು ತಿಳಿಸಿ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ಊರಿನಲ್ಲಿ ಈಗ ಯಾರನ್ನು ಕೇಳಿದರೂ ಪ್ರಳಯದ ಮಾತು. ಮುಂದಿನ ತಿಂಗಳು ಮೂರಕ್ಕೆ ಎಂಟು ಗ್ರಹ ಒಂದೇ ಮನೆಯಲ್ಲಿ ಕೂಡುತ್ತವೆಯಂತೆ. ಬಸ್‌ಸ್ಟ್ಯಾಂಡಿನಲ್ಲಿ ಹೋಮಕ್ಕೆ ವರಗಣಿ ಹಣ ಎತ್ತುತ್ತಿದ್ದಾರೆ, ಮದುವೆ ಮುಂದೆ ಹಾಕಿದ್ದಾರೆ. ಎಲ್ಲರೂ ಲೋಕದ ಕೊನೆಗೆ ಹೆದರಿ ಕೂತಿರುವಾಗ ನಾನೊಬ್ಬ ಲೋಕದ ಮೊದಲನ್ನು ಓದಲು ಹೊರಟೆ. ನಮ್ಮೂರ ಮಿಶನ್ನಿನ ದವಾಖಾನೆಯಲ್ಲಿ ಕಂಪೌಂಡರ್ ಇದ್ದಾನಲ್ಲ ಮಲ್ಲಾರಿ, ಅವನ ಹತ್ತಿರ ಕನ್ನಡದ ಪ್ರತಿ ಕೇಳಿ ತಂದೆ. ಅವನು ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ಕೊಟ್ಟ, ನಾನು ನಮ್ಮ ಬಸದಿಯ ಶಾಸ್ತ್ರಗ್ರಂಥ ತರುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ತಂದೆ. ಪೇಟೆಯಲ್ಲಿ ಕಂಡವರು ಏನೆಂದುಕೊಂಡರೋ. ಅಧ್ಯಾಯ ಬಹಳ ದೊಡ್ಡದಲ್ಲ, ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ನಾನು ಏಳು ಸಲ ಓದಿದೆ. ಮೊದಲು ಬೆಳಕು, ಆಮೇಲೆ ಮೇಲಿನ ನೀರು ಕೆಳಗಿನ ನೀರು ಬೇರೆಯಾಗುವುದು, ಆಮೇಲೆ ನೆಲ ಮತ್ತು ಗಿಡ, ನಾಲ್ಕನೆಯ ದಿನ ಸೂರ್ಯ ಚಂದ್ರ, ಐದನೆಯ ದಿನ ಮೀನು ಪಕ್ಷಿ, ಆರನೆಯ ದಿನ ಪಶು ಮತ್ತು ಮನುಷ್ಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಹಾಗೆ ಸೂರ್ಯನಿಗಿಂತ ಮೊದಲೇ ಬೆಳಕು.

ಎದುರುಮನೆಯ ಬಾಬಾಸಾಹೇಬನನ್ನು ಹಿಡಿದೆ. ಹೈಸ್ಕೂಲಿನಲ್ಲಿ ನಿನಗೆ ವಿಜ್ಞಾನದ ಹುಚ್ಚು ಹಿಡಿಸಿದವನು ಅವನೇ ತಾನೆ, ಉತ್ತರವೂ ಅವನೇ ಕೊಡಲಿ ಎಂದೆ. ಅವನು ನಕ್ಕು, "ಬೆಳಕು ಮೊದಲ ಅನ್ನೂದು ಖರೇನ ಐತ್ರಿ ಮಾಸ್ತರ, ನಮ್ಮ ಸೂರ್ಯ ಭಾಳ ತಡಾ ಮಾಡಿ ಹುಟ್ಟಿದಾಂವ" ಅಂದ. ಭೂಮಿ ಮೊದಲು ಕುದಿಯುವ ಮುದ್ದೆಯಾಗಿತ್ತಂತೆ, ಸುತ್ತ ಹಬೆಯೇ ಹಬೆ, ಎಷ್ಟೋ ಲಕ್ಷ ವರ್ಷ ಮೋಡ ಹರಿಯಲಿಲ್ಲವಂತೆ. ಆಗ ಯಾರಾದರೂ ಕೆಳಗೆ ನಿಂತಿದ್ದರೆ ಬೆಳಕು ಕಾಣುತ್ತಿತ್ತು, ಸೂರ್ಯ ಕಾಣುತ್ತಿರಲಿಲ್ಲ. ಮೋಡ ತೆಳುವಾದ ಮೇಲೆ ಸೂರ್ಯ ಕಂಡ, ಅದೇ ನಾಲ್ಕನೆಯ ದಿನ ಎಂದು ಅದನ್ನು ಸಂಕೇತವಾಗಿ ಓದುವವರು ಹೇಳುತ್ತಾರಂತೆ. ನನಗೆ ಒಪ್ಪಿಗೆಯಾಗಲಿಲ್ಲ. ದಿನ ಎಂದು ಬರೆದಮೇಲೆ ದಿನವೇ, ಲಕ್ಷ ವರ್ಷಕ್ಕೆ ದಿನ ಎನ್ನುವುದು ಯಾವ ಹಿಸೇಬು ಎಂದು ಜಗಳ ತೆಗೆದೆ. ಅವನು ವಾದಿಸದೆ ನನ್ನನ್ನು ಹೊಳೆಯಾಚೆ ತನ್ನ ಅಣ್ಣನ ಬೆಲ್ಲದ ಗಾಣಕ್ಕೆ ಕರೆದುಕೊಂಡು ಹೋದ.

ಈಗ ಕಬ್ಬಿನ ಹಂಗಾಮು ತುದಿಗೇರಿದೆ, ಹಿರಣ್ಯಕೇಶಿಯ ದಂಡೆಯುದ್ದಕ್ಕೂ ಹೊಗೆ. ಕೊಪ್ಪರಿಗೆ ಕುದಿಯುತ್ತಿತ್ತು, ಹಬೆಯಲ್ಲಿ ಪಕ್ಕದಲ್ಲಿ ನಿಂತ ಬಾಬಾಸಾಹೇಬನೇ ಕಾಣಲಿಲ್ಲ. ಮೇಲೆ ಹಬೆಯ ನೀರು, ಕೆಳಗೆ ಕಬ್ಬಿನ ಹಾಲಿನ ನೀರು, ನಡುವೆ ಏನೂ ಇಲ್ಲ. ಆ ಪುಸ್ತಕದ ಎರಡನೆಯ ದಿನ ನನ್ನ ಕಣ್ಣೆದುರೇ ಇತ್ತು. ಅಲ್ಲಿ ಹದ ನೋಡುವವನು ನಾಮದೇವ, ಮೂವತ್ತು ವರ್ಷದಿಂದ ಬೆಲ್ಲ ಕಾಸುವವನು. ಇದು ಎಷ್ಟು ತಾಸು ಆಯಿತಪ್ಪಾ ಎಂದು ಕೇಳಿದೆ. "ತಾಸು ನನಗೇನ ಗೊತ್ರಿ? ಇದು ಮೂರನೇ ಕೊಪ್ಪರಿಗಿ" ಅಂದ. ಒಂದು ಕೊಪ್ಪರಿಗೆಗೆ ಎಷ್ಟು ಹೊತ್ತು ಬೇಕು ಎಂದರೆ, "ಹದಾ ಬರೂತನಕ. ಒಣಾ ಕಬ್ಬಿದ್ರ ಲಗೂನ ಬರತೈತಿ, ಹಸೀದಿದ್ರ ತಡಾ ಆಗತೈತಿ" ಅಂದ. ಅವನ ಲೆಕ್ಕದಲ್ಲಿ ಗಡಿಯಾರವೇ ಇಲ್ಲ ಶಾಲನಾ. ಮೊದಲನೆಯ ಕೊಪ್ಪರಿಗೆ, ಎರಡನೆಯ ಕೊಪ್ಪರಿಗೆ, ಮೂರನೆಯದು, ಒಂದೊಂದಕ್ಕೂ ಬೇಕಾದಷ್ಟು ಹೊತ್ತು. ಸೂರ್ಯನಿಲ್ಲದ ಆ ಮೂರು ದಿನಗಳನ್ನೂ ಹೀಗೆಯೇ ಎಣಿಸಿರಬೇಕು. ಬಾಬಾಸಾಹೇಬ ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ನಗುತ್ತಿದ್ದ.

ಆದರೆ ಅವನನ್ನು ಪೂರಾ ಗೆಲ್ಲಲು ಬಿಡಲಿಲ್ಲ. ಹಣ್ಣಿನ ಗಿಡ ಮೂರನೆಯ ದಿನ, ಮೀನು ಐದನೆಯ ದಿನ ಎಂದಿದೆಯಲ್ಲ, ನಿನ್ನ ವಿಜ್ಞಾನ ಏನು ಹೇಳುತ್ತದೆ ಎಂದು ಕೇಳಿದೆ. ತಲೆ ಕೆರೆದುಕೊಂಡ. ಮೀನೇ ಮೊದಲಂತೆ, ಹಣ್ಣಿನ ಗಿಡ ಎಷ್ಟೋ ಆಮೇಲಂತೆ. ಹಾಗಿದ್ದರೆ ಸಂಕೇತವನ್ನು ಬಸ್ಸಿನ ವೇಳಾಪತ್ರಿಕೆಯ ಹಾಗೆ ಓದಬಾರದು ಎಂದು ಇಬ್ಬರೂ ಒಪ್ಪಿದೆವು. ಬರೆದವರು ಕೊಲ್ಲಾಪುರದ ಕಾಲೇಜಿನಲ್ಲಿ ಓದಿದವರಲ್ಲ. ಒಂದರ ಹಿಂದೆ ಒಂದು ಬಂತು, ಗೊಂದಲದಿಂದ ಕ್ರಮ ಬಂತು, ಮನುಷ್ಯ ಎಲ್ಲರಿಗಿಂತ ಕೊನೆಗೆ ಬಂದ ಅತಿಥಿ, ಇಷ್ಟು ಅವರಿಗೆ ಹೊಳೆದಿತ್ತು. ಇಷ್ಟು ಹೊಳೆದದ್ದೇ ನನಗೆ ದೊಡ್ಡದಾಗಿ ಕಂಡಿತು. ಜೀವಗಳು ಮೊದಲು ನೀರಿನಲ್ಲಿ ಕಿಕ್ಕಿರಿದವು ಎಂಬ ಮಾತು ಓದಿದಾಗ ನಿನ್ನ ನೆನಪಾಯಿತು. ನೀನು ಸಾಲೆಯ ಸೂಕ್ಷ್ಮದರ್ಶಕದಲ್ಲಿ ಹೊಳೆಯ ನೀರಿನ ಒಂದು ಹನಿ ನೋಡಿ ಓಡಿ ಬಂದು, ಅದರೊಳಗೆ ಜೀವ ಓಡಾಡುತ್ತವೆ ಎಂದು ಅಜ್ಜಿಗೆ ಹೇಳಿದ್ದೆ. "ಅದಕ್ಕ ಅಲ್ಲೇನ ನಾವು ನೀರು ಸೋಸೂದು" ಎಂದು ಅವಳು ಕೊಡದ ಬಾಯಿಗೆ ಅರಿವೆ ಕಟ್ಟುತ್ತ ಕೂತಿದ್ದಳು, ತಲೆ ಕೂಡ ಎತ್ತಲಿಲ್ಲ.

ಮಾಡಿದವನು ಒಬ್ಬನಿದ್ದಾನೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ಪ್ರಕಾರ ಲೋಕಕ್ಕೆ ಮೊದಲೂ ಇಲ್ಲ, ಮಾಡಿದವನೂ ಇಲ್ಲ. ಪುಸ್ತಕ ಮರಳಿಸಲು ಹೋದಾಗ ಮಲ್ಲಾರಿ, "ಮಾಡಾವ ಇಲ್ದ ಕಷಾಯ ಸುದ್ದಾ ಆಗೂದಿಲ್ರಿ ಮಾಸ್ತರ" ಅಂದ. ಕಷಾಯ ಮಾಡಿದವ ನೀನು, ನಿನ್ನನ್ನು ಮಾಡಿದವನನ್ನು ಮಾಡಿದವ ಯಾರಪ್ಪಾ ಎಂದೆ. ಇಬ್ಬರೂ ನಕ್ಕು ಚಹಾ ಕುಡಿದೆವು. ಹೊರಡುವಾಗ ಅವನು ಒಂದು ಮಾತು ತೋರಿಸಿದ, ಏಳು ಸಲ ಓದಿದರೂ ನಾನು ಗಮನಿಸಿರಲಿಲ್ಲ. ಆ ಪುಸ್ತಕದಲ್ಲಿ ಪ್ರತಿ ದಿನವೂ ಮೊದಲು ಸಂಜೆ, ಆಮೇಲೆ ಮುಂಜಾನೆ. ನಮಗೆ ಹೊತ್ತು ಮುಳುಗಿದರೆ ದಿನ ಮುಗಿಯಿತು, ಅವರಿಗೆ ಅಲ್ಲಿಂದಲೇ ದಿನ ಶುರು.

ಆ ಮಾತನ್ನು ಯೋಚಿಸುತ್ತ ಮನೆಗೆ ನಡೆದು ಬರುವಾಗ ನಾನು ನನ್ನ ಬಲೆಯಲ್ಲೇ ಬಿದ್ದೆ. ಕ್ರೈಸ್ತರು ತಮ್ಮ ದಿನವನ್ನು ಅಕ್ಷರಕ್ಕೆ ಕಟ್ಟಿಹಾಕಬಾರದು, ಅದರ ಅರ್ಥ ನೋಡಬೇಕು ಎಂದು ನಾನು ಗಾಣದಲ್ಲಿ ಒಪ್ಪಿ ಬಂದೆನಲ್ಲ, ನನ್ನ ವ್ರತವನ್ನು ಮಾತ್ರ ಅಕ್ಷರಕ್ಕೆ ಕಟ್ಟಿಹಾಕುವುದು ಯಾವ ನ್ಯಾಯ? ಕತ್ತಲಲ್ಲಿ ಉಣ್ಣಬಾರದೆಂದರು ಏಕೆ? ದೀಪಕ್ಕೆ ಬಂದ ಹುಳ ತಾಟಿಗೆ ಬಿದ್ದು ಸಾಯುತ್ತದೆ ಎಂದು. ಹುಳದ ಜೀವಕ್ಕೆ ಇಷ್ಟು ಮರುಗುವ ವ್ರತದಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯ ಜೀವಕ್ಕೆ ಜಾಗವಿಲ್ಲವೇ? ನಿನ್ನ ಉತ್ತರವೂ ನನಗೆ ಗೊತ್ತು. ನಿಮ್ಮಪ್ಪನ ಹತ್ತಿರ, "ಮುನಿ ಮಹಾರಾಜರ ಮುಂದ ಮಾತು ಕೊಟ್ಟೇನಿ. ರೋಗ ಬಂತಂತ ಮುರದ್ರ ಅದು ಮಾತು ಹ್ಯಾಂಗ ಆಗತೈತಿ?" ಎಂದು ಕೇಳಿದೆಯಂತೆ. ಬಸದಿಯ ಪುರೋಹಿತ ಪಾರಿಸಾ ಉಪಾಧ್ಯೆಯವರಲ್ಲಿಗೆ ಹೋಗಿ ಕೇಳಿದೆ. "ಆಪತ್ತಿಗೆ ಪ್ರಾಯಶ್ಚಿತ್ತ ಐತ್ರಿ. ಆದ್ರ ಮನಸ್ಸು ಆಕೀದು ಆಗಬೇಕು, ನಿಮ್ಮದಲ್ಲ" ಎಂದರು.

ನಾನು ಎದ್ದು ಮನೆಗೆ ಬಂದೆ. ಏಕೆಂದರೆ ಎಂಟು ವರ್ಷದ ಹಿಂದೆ ಆ ಮಾತು ಕೊಟ್ಟಾಗಲೂ ಮನಸ್ಸು ನಿನ್ನದಾಗಿರಲಿಲ್ಲ. ಚಾತುರ್ಮಾಸದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ನಾಲ್ಕು ತಿಂಗಳ ನೇಮ ತೆಗೆದುಕೊಳ್ಳುತ್ತಿದ್ದರು. ಉಪಾಧ್ಯೆಯವರ ಮೊಮ್ಮಗಳು ಒಂದು ವರ್ಷ ಅಂದಳು, ಜನ ತಲೆದೂಗಿದರು. ನಿನ್ನ ಸರದಿ ಬಂದಾಗ ಎಷ್ಟು ದಿನ ಎಂದು ಮಹಾರಾಜರು ಕೇಳಿದರು. ನೀನು ತಿರುಗಿ ನನ್ನ ಮುಖ ನೋಡಿದೆ. "ಜೀವ ಇರೂತನಕ ಅನ್ನು" ಎಂದು ನಾನು ಮೆಲ್ಲಗೆ ಹೇಳಿಕೊಟ್ಟೆ. ಧರ್ಮಕ್ಕಾಗಿ ಹೇಳಲಿಲ್ಲ ಶಾಲನಾ, ಉಪಾಧ್ಯೆಯವರಿಗಿಂತ ಮೇಲೆನಿಸಿಕೊಳ್ಳಬೇಕೆಂಬ ಹಮ್ಮಿಗೆ ಹೇಳಿದೆ. ಸಾಲೆಯಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ, ನೀನು ಹೇಳಿಬಿಟ್ಟೆ. ಇದನ್ನು ಇಂದಿನವರೆಗೂ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ನೀನು ಹಸಿದು ಮಲಗುತ್ತಿರುವುದು ನಿನ್ನ ಮಾತಿಗಲ್ಲ, ನನ್ನ ಬಡಾಯಿಗೆ.

ಬಾಬಾಸಾಹೇಬ ನಿನಗೊಂದು ಭೂಗರ್ಭದ ಪುಸ್ತಕ ಕಳಿಸಿದ್ದಾನೆ, ಚಿತ್ರ ಚೆನ್ನಾಗಿವೆ. ಪಾದ್ರಿಗೆ ನನ್ನ ನಮಸ್ಕಾರ ತಿಳಿಸು, ಮೀನು ಮತ್ತು ಹಣ್ಣಿನ ಗಿಡದ ತಕರಾರಿಗೆ ಅವರ ಉತ್ತರ ಬರೆದು ಕಳಿಸು. ಅಜ್ಜಿ ಶೇಂಗಾದ ಉಂಡೆ ಕಟ್ಟಿದ್ದಾಳೆ, ಅಪ್ಪ ಆದಿತ್ಯವಾರ ತರುತ್ತಾನೆ. ನಿನ್ನ ಎದೆ ಬೇಗ ಹಗುರಾಗಲಿ, ನೀನು ಮತ್ತೆ ನನ್ನೆದುರು ಕೂತು ನನ್ನನ್ನು ಸೋಲಿಸುವ ಹಾಗಾಗಲಿ.

ನಿನ್ನ ಅಜ್ಜ,
ಬಾಳಗೊಂಡ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದೊಂದು. ನಿನ್ನೆ ಸಂಜೆ ಹೊತ್ತು ಮುಳುಗುವ ಮುನ್ನ ಅಜ್ಜಿ ತಾಟು ಹಾಕಿದಳು, ನಾನು ಏಳಲಿಲ್ಲ. ಏಳೂವರೆಗೆ, ನಿನ್ನ ತಾಟು ಬರುವ ಹೊತ್ತಿಗೆ, ಕಂದೀಲು ಹಚ್ಚಿಸಿ ಉಂಡೆ. ಎರಡು ಭಾಕರಿ, ಹೆಸರುಕಾಳಿನ ಪಲ್ಯ. ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ನಿನ್ನ ಅಜ್ಜಿ ದೀಪದ ಹತ್ತಿರ ಕೂತು, ನಾನು ಕೈ ತೊಳೆಯುವವರೆಗೂ ಸೆರಗಿನಿಂದ ಹುಳ ಓಡಿಸುತ್ತಿದ್ದಳು. ಇವತ್ತೂ ಏಳೂವರೆಗೇ ಉಣ್ಣುತ್ತೇನೆ, ನಾಳೆಯೂ. ಪಾಪವಿದ್ದರೆ ಇಬ್ಬರ ಪಾಲಿನದೂ ನನ್ನ ತಲೆಯ ಮೇಲಿರಲಿ, ಪ್ರಾಯಶ್ಚಿತ್ತ ನಾನು ಮಾಡಿಕೊಳ್ಳುತ್ತೇನೆ. ಈ ಕಾಗದ ಮುಟ್ಟಿದ ಸಂಜೆಯ ತಾಟು ತಿರುಗಿಸಬೇಡ ನನ್ನವ್ವಾ. ಈ ವಯಸ್ಸಿನಲ್ಲಿ ನಾನೊಬ್ಬನೇ ಕತ್ತಲಲ್ಲಿ ಕೂತು ಉಣ್ಣುವ ಹಾಗೆ ಮಾಡಬೇಡ.