ಅರ್ಧಕ್ಕೆ ನಿಂತ ಹಿಡಿ

ಆರ್ಲೀನ್,

ತೀರಿಹೋದವರ ಜೊತೆ ಹೀಗೆ ಮಾತಾಡುವುದಕ್ಕೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಹೆಸರು ಹೇಳಿದ್ದರು. ಅಪಾಸ್ಟ್ರಫಿಯೋ ಏನೋ. ಇರಲಿ, ಹೇಳಬೇಕಾದದ್ದು ಬೇರೆ.

ಬಿಲ್ಲಿಂಗ್ಸ್ ಪೇಟೆಗೆ ಹೋಗಿ ಬಂದೂಕಿನ ತೋಟಾ ತುಂಬುವ ಹೊಸ ಪ್ರೆಸ್ ಕೊಂಡುತಂದೆ. ಹಳೆಯದರಲ್ಲಿ ನಾನು ಮದ್ದು ಸುರಿಯುತ್ತಿದ್ದೆ, ನೀನು ಟಾರ್ಚು ಹಿಡಿದು ಒಂದೊಂದೇ ತೋಟಾದೊಳಗೆ ಇಣುಕಿ "ಇದೆ" ಅನ್ನುತ್ತಿದ್ದೆ, ಆಮೇಲೆ ನಾನು ಗುಂಡು ಕೂರಿಸುತ್ತಿದ್ದೆ. ಇದರಲ್ಲಿ ಹಿಡಿ ಪೂರ್ತಿ ಎಳೆದರೆ ಎಲ್ಲವೂ ಒಟ್ಟಿಗೇ ಆಗುತ್ತದೆ. ಒಬ್ಬನೇ ಸಾಕು ಅಂದ ಅಂಗಡಿಯವನು.

ಇವತ್ತು ನಮ್ಮ ಡಾರ್ಲಾ, ಹೊಲದಾಚೆಯ ದಿಬ್ಬಕ್ಕೆ ಗುರಿಯಿಟ್ಟು, ಹೊಸ ಪ್ರೆಸ್ಸಿನಲ್ಲಿ ನಾನು ತುಂಬಿದ ತೋಟಾಗಳನ್ನು ನಿನ್ನ ರಿವಾಲ್ವರಿನಲ್ಲಿ ಹಾರಿಸುತ್ತಿದ್ದಳು. ಒಂದು ಮಾತ್ರ ಢಂ ಅನ್ನದೆ ಟಪ್ ಅಂದಿತು. ಅವಳು ಮತ್ತೆ ಟ್ರಿಗರ್ ಎಳೆಯುವುದರಲ್ಲಿದ್ದಳು.

"ನಿಲ್ಸು! ಹೊಡೀಬೇಡ!" ಎಂದು ಕಿರುಚಿದೆ.

ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ರಿವಾಲ್ವರು ಅವಳ ಕೈಯಲ್ಲೇ ಸಿಡಿಯುತ್ತಿತ್ತು.

"ಅಪ್ಪಾ, ಮದ್ದೇ ಹಾಕಿಲ್ವಲ್ಲ! ಉಪ್ಪು ಮರೆತು ಸೂಪು ಮಾಡೋ ಹಾಗೇನಾ ಇದೂ?" ಅಂದಳು. ನಗಲು ನೋಡುತ್ತ, ರಿವಾಲ್ವರನ್ನು ಬರಿದುಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅದು ಹೇಗೆ ತಪ್ಪಿಹೋಯ್ತು?"

ಹೇಗೆಂದು ನನಗೆ ಗೊತ್ತು. ಮದ್ದು ಬಿತ್ತೆಂದುಕೊಂಡು ಹಿಡಿಯನ್ನು ಅರ್ಧಕ್ಕೇ ನಿಲ್ಲಿಸಿ, ನೀನು ಇಣುಕಿ ಹೇಳಲಿ ಎಂದು ಕಾದೆ. ಎಷ್ಟು ಹೊತ್ತೋ. ಆಮೇಲೆ ಎಚ್ಚರವಾಗಿ, ಹಿಡಿಯನ್ನು ಪೂರ್ತಿ ಎಳೆಯದೆಯೇ ಬಿಟ್ಟು ಮುಂದಿನದಕ್ಕೆ ಹೋಗಿಬಿಟ್ಟೆ.

"ಫೋನ್ ಬಂತಮ್ಮ. ಗಮನ ಅತ್ತ ಹೋಯ್ತು" ಅಂದೆ.

ಪ್ರೆಸ್ ಇಟ್ಟಿರುವ ನಮ್ಮ ಶೆಡ್ಡಿನಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಅವಳಿಗೂ ಗೊತ್ತು. ಉಳಿದ ತೋಟಾಗಳ ಡಬ್ಬವನ್ನು ನನ್ನ ಕೈಯಿಂದ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಮನೆಗೆ ಕರೆತಂದಳು.