ಒಂಬತ್ತನೇ ದೋಣಿಯ ಮೀನು

ಕ್ರುಕೆಡ್ ಪೈನ್ ಸರೋವರ, ವಿಸ್ಕಾನ್ಸಿನ್
ಅಕ್ಟೋಬರ್ 9, 1994, ಭಾನುವಾರ ಸಂಜೆ

ಪ್ರೀತಿಯ ಆರ್ವಿಡ್ ಅಣ್ಣಾ,

ಘನತೆವೆತ್ತ ನ್ಯಾಯಾಲಯದ ಮುಂದೆ, ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ಗುರುವಾರ ಬೆಳಿಗ್ಗೆ ನಿನ್ನ ಗ್ಯಾರೇಜಿಗೆ ನುಗ್ಗಿ, ಗಾಳದ ಪೆಟ್ಟಿಗೆಯ ಬೀಗವನ್ನು ತಲೆಪಿನ್ನಿನಿಂದ ತೆಗೆದವನು ನಾನೇ. ಪಿನ್ನು ನಿನ್ನ ಹೆಂಡತಿಯದು. ಟಾರ್ಚು ಹಿಡಿದು ನಿಂತದ್ದೂ ಅವರೇ, ಆದ್ದರಿಂದ ಆರ್ಡಿಸ್ ಅತ್ತಿಗೆಯನ್ನು ಎರಡನೇ ಆರೋಪಿಯೆಂದು ದಾಖಲಿಸಿಕೊಳ್ಳಬೇಕು. ಕದ್ದ ಮಾಲು, ನೀನು ಯಾರಿಗೂ ಮುಟ್ಟಲು ಕೊಡದ ಆ ಕರಿಗೂದಲಿನ, ಕಿತ್ತಳೆ ತಗಡಿನ, ಗಾಳಕ್ಕೆ ಕಟ್ಟುವ ಹುಸಿಮೀನು. ಒಂದು ತಗಡು ಸ್ವಲ್ಪ ಬಗ್ಗಿದೆ. ಶಿಕ್ಷೆಯನ್ನು ನಿಧಾನವಾಗಿ ಯೋಚಿಸು, ಮೊದಲು ನಿನ್ನ ಆರೋಗ್ಯದ ವಿಷಯ ಹೇಳು.

ಬಲಗೈ ಹೆಬ್ಬೆರಳು ಅಲುಗಿತಂತೆ, ಹೌದಾ? ಅತ್ತಿಗೆ ಶಾಲೆಗೆ ಫೋನ್ ಮಾಡಿ ಹೇಳಿದಾಗ ನಾನು ತರಗತಿಗೆ ಹೊರಟಿದ್ದೆ. ಮಕ್ಕಳಿಗೆ ಅಂದಿನ ಪರೀಕ್ಷೆ ಮಾಫಿ ಮಾಡಿಬಿಟ್ಟೆ. ಊಟದ ತಟ್ಟೆ ದೂಡುತ್ತೀಯಂತೆ, ಆದರೆ ಕೈಗೆ ಬಲ ಬರಲೆಂದು ಕೊಟ್ಟ ಆ ರಬ್ಬರ್ ಚೆಂಡನ್ನು ಹಿಸುಕುವುದು ಮಾತ್ರ ಬಿಡುವುದಿಲ್ಲವಂತೆ. ಊಟವನ್ನೂ ಮಾಡು ಮಾರಾಯ. ಆಗಸ್ಟಿನಲ್ಲಿ ಪಾರ್ಶ್ವವಾಯು ಹೊಡೆದಂದಿನಿಂದ ನಿನ್ನ ಬಾಯಲ್ಲಿ ಒಂದೇ ಮಾತು, ‘ದೋಣಿ’. ನೀರು ಬೇಕಾದರೂ ದೋಣಿ, ಕಿಟಕಿ ಮುಚ್ಚಬೇಕಾದರೂ ದೋಣಿ. “ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಮೊದಲ ಮಾತು ನನ್ನ ಹೆಸರಾಗಬಾರ್ದಿತ್ತಾ?” ಅಂತ ನಾನು ಮನೆಗೆ ಹೋದಾಗ ಅತ್ತಿಗೆ ನಕ್ಕರು. ನಕ್ಕು ಮುಗಿಸಿ ಅಡುಗೆಮನೆಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದರು. ತೊಳೆಯಲು ಪಾತ್ರೆಗಳೇನೂ ಇರಲಿಲ್ಲ.

ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವ ಆಸ್ಪತ್ರೆಯ ನರ್ಸ್ ಕೊಲೀನ್ ಅವರು ಪಟ್ಟಣದವರು, ಮೀನನ್ನು ತಟ್ಟೆಯಲ್ಲಿ ಮಾತ್ರ ಕಂಡವರು. ಅವರಿಗಾಗಿ ಎರಡು ಮಾತು. ಅಮ್ಮಾ, ಮಸ್ಕಿ ಎಂದರೆ ಮೊಸಳೆ ಮೂತಿಯ, ಎದೆಯೆತ್ತರ ಬೆಳೆಯುವ, ದುರಹಂಕಾರದ ಮೀನು. ಈ ಮಸ್ಕಿಗೆ ಎಷ್ಟು ಮಸ್ಕಾ ಹೊಡೆದರೂ ಬಾಯಿ ತೆರೆಯುವುದಿಲ್ಲ. ನಾವು ಎಸೆದ ಹುಸಿಮೀನಿನ ಬೆನ್ನು ಹತ್ತಿ ದೋಣಿಯ ಪಕ್ಕದವರೆಗೂ ಬರುತ್ತದೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಮೇಲಿಂದ ಕೆಳಗೆ ನೋಡುತ್ತದೆ, ಆಮೇಲೆ ತಿಳಿಸುತ್ತೇವೆ ಎಂದು ಹೊರಟುಹೋಗುತ್ತದೆ. ಹಾಗಾಗಿ ಪ್ರತಿ ಎಸೆತದ ಕೊನೆಗೂ ಗಾಳದ ಕೋಲಿನ ತುದಿಯನ್ನು ನೀರಿಗಿಳಿಸಿ ದೊಡ್ಡದಾಗಿ 8 ಬರೆಯಬೇಕು. ಕಾಣದ ಮೀನು ಹಿಂದೆ ಬಂದಿದ್ದರೆ ಆ ತಿರುವಿನಲ್ಲಿ ಕಚ್ಚಬಹುದು. ಬಂದಿರುವುದಿಲ್ಲ. ಆದರೂ ಬರೆಯಬೇಕು. ಇನ್ನು ವರ್ಷಕ್ಕೊಮ್ಮೆ ಮೂರು ದಿನ ನಡೆಯುವ ನಮ್ಮ ಪಂದ್ಯದ ಕಾಯಿದೆ. ಮೀನು ಸಿಕ್ಕರೆ ಬಿಳಿ ಬಾವುಟ ಎತ್ತಬೇಕು. ಪಕ್ಕದ ದೋಣಿಯವರು ಸಾಕ್ಷಿಗೆ ಬರಬೇಕು. ಅಳೆದು, ಅಲ್ಲೇ ಅಚ್ಚಾಗುವ ಕ್ಯಾಮೆರಾದಲ್ಲಿ ಒಂದು ಪಟ ತೆಗೆದು, ನೀರಿಗೆ ಬಿಡಬೇಕು. ಮೀನು ತನ್ನ ಬಾಲದ ಬಲದಿಂದಲೇ ಈಜಿಹೋಗಬೇಕು. ಹೋಗದಿದ್ದರೆ ಅದು ಲೆಕ್ಕಕ್ಕಿಲ್ಲ. ಸತತ ಮೂರು ವರ್ಷ ಒಂದು ಮೀನೂ ಸಿಗದ ದೋಣಿಯ ಸಂಖ್ಯೆ, ಪಂದ್ಯದ ಜಾಗದ ಸಮೇತ, ಕಾಯುತ್ತಿರುವ ಸರದಿಯ ಮೊದಲಿಗನಿಗೆ ಹೋಗುತ್ತದೆ. ನಮ್ಮದು ಒಂಬತ್ತನೇ ದೋಣಿ, ಅಪ್ಪನ ಕಾಲದ್ದು. ಎರಡು ವರ್ಷದಿಂದ ಸೊನ್ನೆ, ಇದು ಮೂರನೆಯದು. ಸರದಿಯ ಮೊದಲಿಗ ಸ್ಟ್ಯಾನ್ ವೊಯ್ಟಾಕನ ಅಳಿಯ. ನಮ್ಮ ಸಾಕ್ಷಿಯ ದೋಣಿ ಯಾರದು ಗೊತ್ತಾ ಅಮ್ಮಾ? ಅದೇ ಸ್ಟ್ಯಾನ್ ವೊಯ್ಟಾಕನದು.

ಇಷ್ಟೂ ನಿನಗೆ ಗೊತ್ತಿದ್ದದ್ದೇ ಅಣ್ಣಾ. ನೀನು ಆ ಚೆಂಡನ್ನು ಯಾವ ದೋಣಿಗಾಗಿ ಹಿಸುಕುತ್ತಿದ್ದೀ ಎಂಬುದೂ ನಮಗೆ ಗೊತ್ತು. ಅದಕ್ಕೇ ಅತ್ತಿಗೆ ನಿನ್ನ ಜಾಗದಲ್ಲಿ ಕೂತರು. ಮದುವೆಯಾದಂದಿನಿಂದ ನಿನ್ನ ಮೀನುಗಳನ್ನು ಸವತಿ ಅಂತ ಕರೆಯುತ್ತಾ ಬಂದವರು, ನಿನ್ನ ಉಣ್ಣೆಯ ಟೋಪಿ ಕಿವಿಯ ಕೆಳಗೆ ಎಳೆದುಕೊಂಡು, ಜಿಂಕೆ ಮಾಂಸದ ಸಾಸೇಜು ಕಟ್ಟಿಕೊಂಡು, ಶುಕ್ರವಾರ ಬೆಳಕು ಹರಿಯುವ ಮೊದಲೇ ದಂಡೆಯಲ್ಲಿದ್ದರು. “ಮೀನು ಸಿಗೋವರೆಗೂ ನನ್ಹತ್ರ ಮಾತಾಡ್ಬೇಡ ಲೊರೆನ್. ಸಿಕ್ಮೇಲೂ ಕಮ್ಮಿ ಮಾತಾಡು” ಎಂದರು. ಅವರೇ ಐದು ನಿಮಿಷ ಸುಮ್ಮನಿರಲಿಲ್ಲ. ಕೋಲಿನ ಭಾರಕ್ಕೆ ಬೈದರು, ನಿನ್ನ ಟೋಪಿಯ ವಾಸನೆಗೆ ಬೈದರು, ಆಮೇಲೆ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು.

ಶುಕ್ರವಾರ ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ವರ್ಣಿಸುವುದು ಕಷ್ಟ. ಕಾಲೇಜಿನಲ್ಲಿ ಕಲಿತ ಅಲಂಕಾರಗಳೆಲ್ಲ ಕೈಕೊಟ್ಟವು. ಎಸೆದೆ, ಎಳೆದೆ, 8 ಬರೆದೆ. ಗಾಳ ಹಾಕಿದ್ದಕ್ಕೆ ಗಾಳಿ ಸಿಕ್ಕಿತು. ಇಡೀ ಸರೋವರದಲ್ಲಿ ಮಧ್ಯಾಹ್ನದವರೆಗೆ ಒಂದೇ ಒಂದು ಬಾವುಟ, ಅದೂ ದೂರದ ಜೊಂಡಿನ ಕೊಲ್ಲಿಯಲ್ಲಿ. ಮಿಕ್ಕ ದೋಣಿಗಳೆಲ್ಲ ಸಾವಿನ ಮನೆಯಲ್ಲಿ ಜಾಗ ಬದಲಿಸುವವರ ಹಾಗೆ ಸದ್ದಿಲ್ಲದೆ ಅತ್ತಿಂದಿತ್ತ ಸರಿಯುತ್ತಿದ್ದವು. ಸ್ಟ್ಯಾನ್ ಹತ್ತಿರ ಬಂದಾಗಲೆಲ್ಲ ಮೋಟಾರು ತಗ್ಗಿಸಿ, “ಏನ್ ಮೇಷ್ಟ್ರೇ, ಮೀನುಗಳು ಕ್ಲಾಸಿಗೆ ಚಕ್ಕರ್ ಹೊಡೆದ್ವಾ?” ಅನ್ನುತ್ತಿದ್ದ. “ನಿನ್ನ ಮುಖ ನೋಡಿ ರಜಾ ಹಾಕಿವೆ ಕಣಯ್ಯಾ” ಎಂದರು ಅತ್ತಿಗೆ. ಅವನು ಹೋ ಎಂದು ನಕ್ಕ, ಆಮೇಲೆ ಟೋಪಿ ತೆಗೆದು, “ಆರ್ವಿಡ್ ಹೇಗಿದ್ದಾನೆ ಆರ್ಡಿಸ್?” ಎಂದು ಕೇಳಿದ. ಚೆನ್ನಾಗಿದ್ದಾನೆ ಎಂದರು. ಅವನು ನಂಬಿದವನ ಹಾಗೆ ತಲೆಯಾಡಿಸಿದ. ಇಬ್ಬರೂ ನೀರನ್ನೇ ನೋಡುತ್ತಿದ್ದರು.

ಶನಿವಾರ ಆಲಿಕಲ್ಲಿನ ಪುಡಿಯಂಥ ಮಳೆ. ಕೋಲಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಮಂಜು ಕಟ್ಟಿ ದಾರ ಓಡಲಿಲ್ಲ. ಎಸೆತಕ್ಕೊಮ್ಮೆ ಬಾಯಿಂದ ಊದಿ ಕರಗಿಸಬೇಕಾಯಿತು. ಸಂಜೆಯ ಹೊತ್ತಿಗೆ ಅತ್ತಿಗೆಯ ಬೆರಳು ಬಿರಿದು ಕೋಲಿನ ಹಿಡಿಯಲ್ಲಿ ರಕ್ತ. ಸಾಕು ಎಂದರೆ ಕೇಳಲಿಲ್ಲ. “ಅಲ್ಲಿ ಅವನು ಚೆಂಡು ಹಿಸುಕ್ತಾ ಇದ್ದಾನೆ. ನಾನಿಲ್ಲಿ ಕಾಫಿ ಕುಡ್ಕೊಂಡು ಕೂತ್ಕೊಳ್ಲಾ?” ಅದೇ ಹೊತ್ತಿಗೆ ನನ್ನ ಗಾಳದ ಹಿಂದೆ ಒಂದು ಮೀನು ಬಂತಣ್ಣಾ. ಮರದ ದಿಮ್ಮಿಯೇ ಕಣ್ಣು ಬಿಟ್ಟ ಹಾಗಿತ್ತು. ನಾನು ಅದರ ಕಣ್ಣು ನೋಡುತ್ತಾ ಕೋಲನ್ನು ಮೇಲಕ್ಕೆತ್ತಿಬಿಟ್ಟೆ. 8 ಬರೆಯಲಿಲ್ಲ. ದಿನವಿಡೀ ಖಾಲಿ ನೀರಿಗೆ ಬರೆದು ಬರೆದು, ಬೇಕಾದಾಗ ಮರೆತೆ. “ನಿಮ್ಮಣ್ಣ ಇದ್ದಿದ್ರೆ ನಿನ್ನನ್ನೇ ಸಿಗಿಸಿ ಎಸೀತಿದ್ದ” ಎಂದ ಅತ್ತಿಗೆ ಕತ್ತಲಾಗುವವರೆಗೂ ಆ ಬಿರಿದ ಬೆರಳಿನಲ್ಲೇ ಎಸೆಯುತ್ತಿದ್ದರು. ಇನ್ನಷ್ಟು ಬೈದಿದ್ದರೇ ಚೆನ್ನಾಗಿತ್ತು.

ಈಗ ಒಳ್ಳೆಯ ಸುದ್ದಿ. ಭಾನುವಾರ, ಅಂದರೆ ಇವತ್ತು ಬೆಳಿಗ್ಗೆ, ಮುಕ್ತಾಯದ ತುತ್ತೂರಿಗೆ ಇನ್ನು ಸ್ವಲ್ಪವೇ ಹೊತ್ತಿದ್ದಾಗ, ಮುಳುಗಿದ ಬಂಡೆಯ ಪಕ್ಕ, ನಿನ್ನ ಕದ್ದ ಹುಸಿಮೀನಿನಿಂದ, ನಾನು ಹಿಡಿದೆ. ನಾನು! ಪುಸ್ತಕದಲ್ಲಿ ತಪ್ಪು ಹಿಡಿಯುವುದು ಬಿಟ್ಟರೆ ಬೇರೇನೂ ಹಿಡಿಯಲಾರೆ ಎಂದು ನೀನು ಜೀವಮಾನವಿಡೀ ಹಂಗಿಸಿದ ಈ ಲೊರೆನ್. 8ರ ಎರಡನೇ ತಿರುವಿನಲ್ಲಿ ನೀರು ಬಾಗಿಲಿನ ಹಾಗೆ ತೆರೆದುಕೊಂಡಿತು, ಕೋಲು ಮೊಣಕೈವರೆಗೂ ಒಳಗೆ ಹೋಯಿತು. ಮೀನು ಎರಡು ಸಲ ದೋಣಿಯಡಿಗೆ ನುಗ್ಗಿತು. ಅತ್ತಿಗೆ ಒಮ್ಮೆ ನನಗೆ ಒಮ್ಮೆ ಮೀನಿಗೆ ಬೈಯುತ್ತಾ, ಬಲೆಯನ್ನು ತಲೆಕಡೆಯಿಂದ ಹಾಕಿದರು, ನೀನು ಹೇಳುವ ಹಾಗೆಯೇ. ನಲವತ್ತಾರು ಇಂಚು. ನಿನ್ನ ಎಲ್ಲ ಪಂದ್ಯದ ಮೀನುಗಳಿಗಿಂತ ಉದ್ದ, ಕ್ಷಮಿಸು. ಬಾವುಟ ಎತ್ತಿದೆವು. ಸ್ಟ್ಯಾನ್ ಬಂದ, ಅಳತೆ ನೋಡಿದ, “ಅಬ್ಬಾ ಮೇಷ್ಟ್ರೇ!” ಎಂದ. ಪಟ ತೆಗೆದೆವು. ಮೀನನ್ನು ನೀರಿಗೆ ಬಿಟ್ಟೆವು. ಅದು ಈಜಿಕೊಂಡು ಹೋಯಿತು. ಒಂಬತ್ತನೇ ದೋಣಿ ನಮ್ಮದೇ.

ಅತ್ತಿಗೆ ಈ ರಾತ್ರಿಯೇ ಹೊರಟು ನಿನ್ನ ಬಳಿ ಬರುತ್ತಿದ್ದಾರೆ. ಪತ್ರವನ್ನು ಅವರ ಕೈಯಲ್ಲೇ ಕೊಡುತ್ತೇನೆ. ಅವರ ಬೆರಳಿನ ಪಟ್ಟಿ ನೋಡಿ ಗಾಬರಿಯಾಗಬೇಡ. ಆಲೂ-ಮಾಂಸದ ಬೇಯಿಸಿದ ತಿಂಡಿ ತರುತ್ತಿದ್ದಾರೆ, ತಟ್ಟೆ ದೂಡಬೇಡ. ಕೊಲೀನ್ ಅವರಿಗೆ ನನ್ನ ನಮಸ್ಕಾರ, ಇಷ್ಟುದ್ದ ಓದಿದ್ದಕ್ಕೆ ಸಹಾನುಭೂತಿ. ಅಪ್ಪ ಅಮ್ಮ ಎಲ್ಲಿದ್ದರೂ ನಿನ್ನ ಬಲಗೈಯನ್ನು ಹಿಡಿದುಕೊಂಡೇ ಇರಲಿ.

ನಿನ್ನ ತಮ್ಮ,
ಲೊರೆನ್

ತಾ.ಕ.: ಅತ್ತಿಗೆ ಪಿಕಪ್ಪಿನ ಗಾಜಿನ ಮಂಜು ಕೆರೆಯಲು ಹೊರಗೆ ಹೋಗಿದ್ದಾರೆ. ಬೇಗ ಬೇಗ ಬರೆಯುತ್ತಿದ್ದೇನೆ. ಕೊಲೀನ್ ಅವರೇ, ಇದನ್ನು ಅವರು ಕೋಣೆಯಲ್ಲಿಲ್ಲದಾಗ ಓದಿ.

ಮೀನು ಈಜಿ ಹೋಗಲಿಲ್ಲ ಅಣ್ಣಾ. ಈಜಿ ಹೋಯಿತೆಂದು ಬರೆ ಎಂದವರು ಅತ್ತಿಗೆ. “ಗೊತ್ತಾದ್ರೆ ಅವನು ಚೆಂಡು ಬಿಟ್ಬಿಡ್ತಾನೆ ಲೊರೆನ್. ವಸಂತದವರೆಗಾದ್ರೂ ಹಿಸುಕ್ಲಿ” ಎಂದು ಎದುರಿಗೆ ಕೂತು ಬರೆಸಿದರು. ಮೀನಿನ ಉದ್ದದ ಬಗ್ಗೆ ನಿನಗೆ ನಾನು ಹೇಳಿದ ಸುಳ್ಳುಗಳನ್ನು ಜೋಡಿಸಿದರೆ ಸರೋವರ ದಾಟುತ್ತದೆ. ಬದುಕಿದೆಯೋ ಸತ್ತಿದೆಯೋ ಎಂಬ ಬಗ್ಗೆ ಎಂದೂ ಹೇಳಿಲ್ಲ. ಮೇ ತಿಂಗಳಲ್ಲಿ ಮೀನಿನ ಕಾಲ ಶುರುವಾದಾಗ ನೀನು ಕೋಲೂರಿಕೊಂಡು ದಂಡೆಗೆ ಬಂದು, ನಮ್ಮ ಒಂಬತ್ತನ್ನು ಬೇರೊಬ್ಬನ ದೋಣಿಯ ಮೇಲೆ ನೋಡುವುದು ನನ್ನಿಂದ ಸಹಿಸಲಾಗದು.

ನೀರಿಗೆ ಬಿಟ್ಟಾಗ ಅದು ಮಗ್ಗುಲಾಯಿತು. ಆಳವಿಲ್ಲದ ಕಡೆಗೆ ದೋಣಿ ತಂದು, ಸೊಂಟದವರೆಗೆ ಇಳಿದು, ಬಾಲದ ಬುಡ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಅತ್ತಿಗೆಯೂ ಇಳಿದರು. ನಿನಗೆ ವ್ಯಾಯಾಮ ಮಾಡಿಸುವಾಗಿನ ಅದೇ ದನಿಯಲ್ಲಿ, “ಹೂಂ, ಇನ್ನೊಂದ್ಸಲ. ನಿನ್ಕೈಲಾಗುತ್ತೆ. ಇನ್ನೊಂದೇ ಸಲ” ಎಂದು ಮೀನಿಗೆ ಹೇಳುತ್ತಿದ್ದರು. ಕಿವಿರು ಒಮ್ಮೆ ತೆರೆದುಕೊಳ್ಳುತ್ತಿತ್ತು, ನಾವು ಉಸಿರು ಬಿಗಿಹಿಡಿಯುತ್ತಿದ್ದೆವು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಸ್ಟ್ಯಾನ್ ಬೂಟು ಸಮೇತ ನೀರಿಗಿಳಿದು ಹೊಟ್ಟೆಯಡಿ ಕೈಕೊಟ್ಟು ನಿಂತ. ತುತ್ತೂರಿ ಊದಿದ ಮೇಲೂ ಮೂವರೂ ನಿಂತಿದ್ದೆವು. ಕೊನೆಗೆ ಅವನೇ, “ಆರ್ಡಿಸ್, ಸಾಕಮ್ಮ, ಬಿಡು. ಅದು ಹೋಯ್ತು” ಎಂದ. ಪಂದ್ಯದ ಕಾಗದದಲ್ಲಿ ಸಾಕ್ಷಿಯ ಸಾಲಿನ ಮೇಲೆ ಅವನು ಸತ್ಯವನ್ನೇ ಬರೆದ. ಬರೆಯುವಾಗ ಅಳುತ್ತಿದ್ದ, ಅವನ ಅಳಿಯನಿಗೆ ಅದರಿಂದ ನಮ್ಮ ಒಂಬತ್ತು ಸಿಕ್ಕರೂ.

ದೋಣಿ ಇಲ್ಲ. ಆದರೂ ಚೆಂಡು ಬಿಡಬೇಡ.

ಪಿಕಪ್ಪಿನ ಬಾಗಿಲು ಬಡಿದ ಸದ್ದಾಯಿತು. ಇನ್ನೊಂದು ಮಾತು. ಇದು ಅತ್ತಿಗೆಗೂ ಗೊತ್ತಿಲ್ಲ, ಅವರು ಬೆನ್ನು ತಿರುಗಿಸಿ ಸಿಕ್ಕುಬಿದ್ದ ದಾರ ಬಿಡಿಸುತ್ತಿದ್ದರು. ಒಂದು ಪಟ ಸಾಕಿತ್ತು. ಮೊದಲನೆಯದು ಚೆನ್ನಾಗಿಯೇ ಬಂದಿತ್ತು, ಮೀನು ಬಾಲ ಬಡಿಯುತ್ತಿತ್ತು. ಅಚ್ಚು ಮೂಡುವವರೆಗೆ ಕಾದು ನೋಡಿ, ಅಳತೆಪಟ್ಟಿ ಸರಿಯಾಗಿ ಕಾಣುವುದಿಲ್ಲ ಎಂದು ಸ್ಟ್ಯಾನನಿಗೆ ಹೇಳಿ, ಮೀನನ್ನು ಬಲೆಯಿಂದ ಮತ್ತೊಮ್ಮೆ ಆ ಕೊರೆಯುವ ಗಾಳಿಗೆ ಎತ್ತಿ ಹಿಡಿದೆ, ಬಹಳ ಹೊತ್ತು. ಅಳತೆಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು ಅಣ್ಣಾ. ಮೊದಲ ಪಟದಲ್ಲಿ ನನ್ನ ಹೊಟ್ಟೆ ಮುಂದೆ ಬಂದಿತ್ತು. ಎರಡೂ ಪಟ ಇಟ್ಟಿದ್ದೇನೆ. ಎರಡನೆಯದರಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಗುತ್ತಿದ್ದೇನೆ.