ಹಿಂದಿನ ಸೀಟಿನ ಮಾತು ಎಲ್ಲಿ?

ಮನೆಯಿಂದ, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಚೂಟಿ,

ಮೊನ್ನೆ ಭಾನುವಾರ ನಿನ್ನ ಪತ್ರಿಕೆಯ ವಾಹನ ಪುಟದಲ್ಲಿ ಆ ಹಳದಿ ಮಸಲ್ ಕಾರಿನ, ಅದೇ ಆ ಭಾರೀ ಎಂಜಿನ್ನಿನ ಕಾರಿನ, ವಿಮರ್ಶೆ ಬಂತು. ಅದರ ಕೊನೆಯಲ್ಲಿ ಇರಬೇಕಾಗಿದ್ದ ನನ್ನ ‘ಹಿಂದಿನ ಸೀಟಿನಿಂದ ಅಕ್ಕ’ ಇರಲಿಲ್ಲ. ಇಷ್ಟು ವರ್ಷ ಒಂದು ಕಾರಿಗೂ ತಪ್ಪದ ನಾಲ್ಕು ಸಾಲು ಇದೊಂದಕ್ಕೆ ತಪ್ಪಿತು. ಇದು ಅನ್ಯಾಯ. ನನಗಾದ ಅನ್ಯಾಯ ಎಂದು ತಿಳಿಯಬೇಡ, ಓದುವವರಿಗೆ ಆದದ್ದು.

ಬೈಯುವ ಆತುರದಲ್ಲಿ ಆರೋಗ್ಯ ಕೇಳುವುದನ್ನೇ ಮರೆತೆ. ಸೊಂಟ ಹೇಗಿದೆ? ಮಾತ್ರೆ ತಪ್ಪಿಸಬೇಡ. ಮುಂದಿನ ಮಾದರಿ ತೋರಿಸುತ್ತೇವೆಂದು ಆ ಹಳದಿ ಕಾರಿನ ಕಂಪನಿಯವರೇ ನಿನ್ನನ್ನು ಕರೆದುಕೊಂಡು ಹೋಗಿದ್ದಾರೆಂದು ನಿನ್ನ ಆಫೀಸಿನವರು ಹೇಳಿದರು. ಎರಡು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ಹೋಟೆಲಿನ ವಿಳಾಸವನ್ನು ಅವರಿಂದಲೇ ಪಡೆದು, ನಾಳೆ ಮುಟ್ಟುವ ಕೊರಿಯರಿನಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಾದರೆ ‘ಸಿಗ್ನಲ್ ಇಲ್ಲ ಅಕ್ಕಾ’ ಎಂದು ಇಟ್ಟುಬಿಡುತ್ತೀಯ, ಕಾಗದಕ್ಕೆ ಆ ನೆಪ ನಡೆಯುವುದಿಲ್ಲ.

ಈ ಪದ್ಧತಿ ಹುಟ್ಟಿದ್ದು ನಿನ್ನಿಂದಲೇ. ‘ಕಾರು ಓಡಿಸೋನಿಗೆ ಎಲ್ಲಾ ಕಾರೂ ಚೆನ್ನಾಗೇ ಕಾಣುತ್ತೆ, ಹಿಂದೆ ಕೂತೋರನ್ನ ಕೇಳಬೇಕು’ ಎಂದು ನನ್ನನ್ನು ಮೊದಲ ಸಲ ಹತ್ತಿಸಿಕೊಂಡವನು ನೀನು. ಆ ನೀಲಿ ವ್ಯಾನು ನೆನಪಿದೆಯಾ? ಹಿಂದಿನ ಸೀಟುಬೆಲ್ಟು ಕ್ಲಿಕ್ ಎಂದರೂ ಹಿಡಿಯುತ್ತಿರಲಿಲ್ಲ. ನಾನು ದೂರಿದೆ, ನೀನು ಅಚ್ಚು ಹಾಕಿಸಿದೆ, ಮುಂದಿನ ತಿಂಗಳು ಅದರ ಕಂಪನಿಯವರು ಎಲ್ಲ ವ್ಯಾನುಗಳ ಕೊಂಡಿ ಬದಲಾಯಿಸಿಕೊಟ್ಟರು. ಅಂದಿನಿಂದ ಜನ ನಿನ್ನ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಔಷಧಿ ಅಂಗಡಿಯವರು ಚಿಲ್ಲರೆ ಕೊಡುತ್ತಾ ‘ಈ ವಾರ ಯಾರ ಗ್ರಹಚಾರ ಬಿಡಿಸ್ತೀರಿ ಮೇಡಂ?’ ಎಂದು ಕೇಳುತ್ತಾರೆ. ನಿನ್ನ ಭಾವನಂತೂ ನಾನು ಹುಟ್ಟಿದ್ದೇ ಹಿಂದಿನ ಸೀಟಿನಲ್ಲಿ ಅನ್ನುತ್ತಾರೆ.

ನೀನು ಹೊಗಳಿದ್ದು ಸುಳ್ಳು ಎನ್ನುತ್ತಿಲ್ಲ. ವಿಮರ್ಶೆಗೆಂದು ನನ್ನನ್ನು ಕೂರಿಸಿಕೊಂಡು ಹೋದ ದಿನ ಆ ಎಂಜಿನ್ನು ಗುಡುಗಿದಾಗ ಈ ವಯಸ್ಸಿನಲ್ಲಿ ನನಗೂ ಮೈ ಜುಮ್ಮೆಂದಿತು. ಪೇಟೆಯೊಳಗೆ ಹಸುವಿನ ಹಾಗೆ ಸಾಧುವಾಗಿ ನಡೆಯಿತು. ನಾಯಿ ಅಡ್ಡ ಬಂದಾಗ ನೀನು ಬ್ರೇಕು ಒತ್ತಿದ್ದೇ ತಡ, ನೆಲಕ್ಕೆ ಅಂಟಿದಂತೆ ನಿಂತಿತು. ಇಷ್ಟು ಬಲ ಬೇರೆಡೆ ಬೇಕೆಂದರೆ ಎರಡು ಪಟ್ಟು ತೆರಬೇಕು ಎಂದು ನೀನು ಬರೆದದ್ದೂ ಸರಿ. ಹೀರುವ ಪೆಟ್ರೋಲು, ತಿನ್ನುವ ಟೈರು ಇವೆಲ್ಲ ಕೊಳ್ಳುವವನ ಕರ್ಮ, ಬಿಡು. ಆದರೆ ಇರುವುದು ಎರಡೇ ಬಾಗಿಲು. ಮುಂದಿನ ಸೀಟು ಮಡಚಿ ನನ್ನನ್ನು ಹಿಂದಕ್ಕೆ ತುರುಕುವಾಗ ನೀನೇ ‘ಅಕ್ಕ, ಉಪ್ಪಿನಕಾಯಿ ಜಾಡಿಗೆ ಮಾವಿನಕಾಯಿ ತುಂಬಿದ ಹಾಗಾಯ್ತು’ ಎಂದು ನಕ್ಕೆ. ಕಿಟಕಿ ಅಂಗೈಯಗಲ. ಹಿಂದೆ ಏನು ಬರುತ್ತಿದೆ ಎಂದು ನಿನಗೂ ಕಾಣದು, ನನಗೂ ಕಾಣದು.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಸೇತುವೆ ಇಳಿದ ಮೇಲಿನ ತಿರುವು. ಆಗಷ್ಟೇ ಮಳೆ ಹನಿದು ರಸ್ತೆ ಹೊಳೆಯುತ್ತಿತ್ತು. ನೀನು ‘ಸ್ಪೋರ್ಟ್’ ಗುಂಡಿ ಒತ್ತಿದೆ. ಗಾಲಿ ಜಾರದಂತೆ ಕಾಯುವ ಕಂಪ್ಯೂಟರು ಆ ಗುಂಡಿ ಒತ್ತಿದರೆ ಹಿಡಿತ ಸಡಿಲಿಸುತ್ತದೆ ಎಂದು ಆಮೇಲೆ ನೀನೇ ವಿವರಿಸಿದೆ. ಬಲವೆಲ್ಲ ಹಿಂದಿನ ಗಾಲಿಗೆ. ನೀನು ಆಕ್ಸಿಲರೇಟರು ತುಸುವೇ ಒತ್ತಿದ್ದು, ಕಾರಿನ ಮೂತಿ ಒಂದು ಕಡೆ, ನಾನು ಕೂತ ಬಾಲ ಇನ್ನೊಂದು ಕಡೆ. ಎದುರಿಗೆ ಹಾಲಿನ ಲಾರಿ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವನ ಕೈಯಾದ್ದರಿಂದ ಉಳಿದೆವು. ಪಕ್ಕಕ್ಕೆ ನಿಲ್ಲಿಸಿ, ನೀರು ಕುಡಿದು, ‘ಇದನ್ನ ಬರೀಲೇಬೇಕು ಅಕ್ಕ, ಹೊಸಬ್ರು ಯಾರಾದ್ರೂ ಆಗಿದ್ರೆ ಹೋಗ್ತಿದ್ರು’ ಎಂದವನು ನೀನು. ಪುಟದಲ್ಲಿ ಅದರ ಸುಳಿವಿಲ್ಲ. ಎದುರು ಪುಟದ ತುಂಬ ಅದೇ ಕಾರಿನ ಜಾಹೀರಾತು.

ಈಗ ಅಳಿಯ ಅದನ್ನು ಬುಕ್ ಮಾಡಿದ್ದಾನೆ, ಮುಂದಿನ ವಾರ ಬರುತ್ತದಂತೆ. ಇಲ್ಲಿಯವರೆಗೆ ಅವನು ಓಡಿಸಿದ್ದು ನಮ್ಮ ಮನೆಯ ಸಣ್ಣ ಕಾರು, ಅದೂ ಹಾರ್ನ್ ಜಾಸ್ತಿ, ಗೇರು ಕಮ್ಮಿ. ನಾನು ತಿರುವಿನ ವಿಷಯ ಹೇಳಿದರೆ ನಗುತ್ತಾನೆ. ‘ಅತ್ತೆ, ನೀವು ಲಿಫ್ಟಲ್ಲೂ ಕಣ್ಣು ಮುಚ್ಕೋತೀರಿ. ಅಷ್ಟು ಅಪಾಯ ಇದ್ದಿದ್ರೆ ಚೂಟಿ ಮಾವ ಬರೀತಿರಲಿಲ್ವಾ? ನಿಮ್ಮ ದೂರೇ ಇಲ್ಲದ ಮೊದಲ ಕಾರು ಇದು, ಇನ್ನೇನು ಸರ್ಟಿಫಿಕೇಟ್ ಬೇಕು?’ ನೋಡಿದೆಯಾ, ನನ್ನ ಮೌನವನ್ನೂ ನೀನು ಮಾರಿಬಿಟ್ಟೆ. ನಾನು ಬಾಯಿ ಮುಚ್ಚಿದ್ದರೆ ಬೇರೆ ಮಾತು. ಮುಚ್ಚಿಸಿದ್ದು ನೀನು. ಅಥವಾ ನಿನ್ನ ಸಂಪಾದಕರು. ಅವರೇ ಕತ್ತರಿಸಿದ್ದಾದರೆ ಅದನ್ನಾದರೂ ಹೇಳು. ಹಾಗೇ ಆಗಿರಲಿ ಎಂದು ರಾತ್ರಿಯೆಲ್ಲ ದೇವರನ್ನು ಬೇಡಿಕೊಂಡೆ.

ಮಗಳಿಗೆ ಹೇಳಿದರೆ ಅವಳು ಮಧ್ಯೆ ಸಿಕ್ಕಿಕೊಳ್ಳುತ್ತಾಳೆ. ಗಂಡ ಹಟಕ್ಕೆ ಬಿದ್ದಿದ್ದಾನೆ, ಅಮ್ಮ ಹೆದರುಪುಕ್ಕಲಿ ಎಂಬುದು ಜಗಜ್ಜಾಹೀರು. ಹಾಗಾಗಿ ಮನೆಯಲ್ಲಿ ಯಾರ ಮಾತೂ ನಡೆಯುವುದಿಲ್ಲ, ನಿನ್ನ ಅಚ್ಚಿನ ಅಕ್ಷರ ಒಂದೇ ನಡೆಯುವುದು. ಆ ಕಾರು ಕೆಟ್ಟದ್ದೆಂದು ಬರೆ ಎನ್ನುತ್ತಿಲ್ಲ. ಒಣ ರಸ್ತೆಯಲ್ಲಿ ಅದು ರಾಜ. ಒದ್ದೆಯಲ್ಲಿ ಆ ಗುಂಡಿಯ ತಂಟೆಗೆ ಹೋಗಬಾರದು, ಪಳಗದ ಕೈಗೆ ಅದಲ್ಲ, ಮಕ್ಕಳಿರುವ ಮನೆಗೆ ಹಿಂದಿನ ಸೀಟು ಇಲ್ಲವೆಂದೇ ಲೆಕ್ಕ. ಇಷ್ಟು ಸೇರಿಸಿದರೆ ವಿಮರ್ಶೆ ಪೂರ್ತಿಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅವರು ಎಷ್ಟು ಒತ್ತಾಯಿಸಿದರೂ ಒದ್ದೆ ರಸ್ತೆಯಲ್ಲಿ ಓಡಿಸಬೇಡ. ಕೋಪದಲ್ಲೂ ನಿನ್ನ ಒಳಿತನ್ನೇ ಬಯಸುವ,

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಳಿಯ ಫೋನು ಮಾಡಿದ. ಕಾರು ಮುಂದಿನ ವಾರವಲ್ಲ, ಈ ಶನಿವಾರವೇ ಕೈಸೇರುತ್ತದಂತೆ. ಮೊದಲ ಸವಾರಿಗೆ ಮಗುವನ್ನು ಹಿಂದೆ ಕೂರಿಸಿಕೊಂಡು ನಮ್ಮ ಮನೆಗೇ ಬರುತ್ತಾನೆ. ಬರುವುದಕ್ಕೆ ಸೇತುವೆ ದಾರಿ ಬಿಟ್ಟರೆ ಬೇರೆ ದಾರಿಯಿಲ್ಲ, ಇಲ್ಲಿ ಬೆಳಗಿನಿಂದ ಜಿನುಗುತ್ತಲೇ ಇದೆ. ನಿನ್ನ ಭಾನುವಾರದ ಪುಟಕ್ಕೆ ಕಾಯಬೇಡ. ಈ ಕಾಗದದ ಒಂದು ಪ್ರತಿಯನ್ನು ನಿನ್ನ ಪತ್ರಿಕೆಯ ವಾಚಕರ ವಾಣಿಗೂ ಕಳಿಸಿದ್ದೇನೆ. ಶುಕ್ರವಾರದ ಪತ್ರಿಕೆಯಲ್ಲಿ, ನಿನ್ನ ಹೆಸರಿನಡಿ, ಎಲ್ಲರೂ ಓದುವಂತೆ ಉತ್ತರ ಕೊಡು: ಆ ತಿರುವಿನಲ್ಲಿ ಕಾರು ಜಾರಿತೋ, ಇಲ್ಲವೋ?